ಟೇಪ್‌ನಿಂದ ಪಾತ್ರೆ ಬಂತು, ಅನ್ನ ಬರಲಿಲ್ಲ

ಎಐಎಕ್ಸ್ (ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ) ಓಡುವ ಸರ್ವರ್ ನೋಡಿಕೊಳ್ಳುವವರು ಇನ್ನೂ ಒಂದಷ್ಟು ಜನ ಇದ್ದೀರಿ ಅಂತ ಗೊತ್ತು. ಬೀರುವಿನಲ್ಲಿ ಎಂಕೆಸಿಸ್‌ಬಿ ಟೇಪ್ (ಸಿಸ್ಟಂನ ಬ್ಯಾಕಪ್ ತೆಗೆಯುವ ಕಮಾಂಡ್‌ನಿಂದ ಬರೆದದ್ದು) ಇದೆ, ಡಿಸ್ಕ್ ಹೋದರೆ ಹೋಗಲಿ ಅಂತ ನೆಮ್ಮದಿಯಾಗಿದ್ದರೆ ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ಇದ್ದೆ.

2009ರ ಆಯುಧ ಪೂಜೆ ರಜೆ. ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಸ್ಟಂ ಕೆಲಸ ನನ್ನದು. ಲೇತ್‌ಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಎಲ್ಲರೂ ಮನೆಗೆ ಹೋಗಿದ್ದರು. ಸರ್ವರ್ ಮೇಲೂ ಒಂದು ಚೆಂಡುಹೂ ಇತ್ತು. ಐಬಿಎಂ ಪಿ5 520, ಎಐಎಕ್ಸ್ 5.3, ರೂಟ್‌ವಿಜಿಗೆ, ಅಂದರೆ ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್ ಗುಂಪಿಗೆ (ವಾಲ್ಯೂಮ್ ಗ್ರೂಪ್), 36 ಜಿಬಿಯ ಎರಡು ಸ್ಕಸಿ ಡಿಸ್ಕ್. ಅದರಲ್ಲಿ ಮೊದಲನೆಯದು ತಿಂಗಳಿಂದ ಎರರ್ ಲಾಗ್ ತುಂಬಿಸುತ್ತಿತ್ತು. 146 ಜಿಬಿಯ ಎರಡು ಹೊಸ ಡಿಸ್ಕ್ ತರಿಸಿಟ್ಟು ರಜೆಗೆ ಕಾಯುತ್ತಿದ್ದೆ.

ಸುಲಭದ ದಾರಿ ಒಂದಿತ್ತು. ಹೊಸ ಡಿಸ್ಕನ್ನು ರೂಟ್‌ವಿಜಿಗೆ ಸೇರಿಸಿ, ಮಿರರ್ ಮಾಡಿ (ಅದರಲ್ಲೂ ಒಂದು ಪ್ರತಿ ಇಟ್ಟು), ಹಳೆಯದನ್ನು ತೆಗೆಯುವುದು. ಡಿಸ್ಕ್ ಸೇರಿಸುವ ಎಕ್ಸ್‌ಟೆಂಡ್‌ವಿಜಿ ಕಮಾಂಡ್ ಹೊಡೆದೆ, ಒಪ್ಪಲಿಲ್ಲ. ಮಾಮೂಲಿ ವಾಲ್ಯೂಮ್ ಗ್ರೂಪ್‌ನಲ್ಲಿ ಒಂದು ಡಿಸ್ಕ್‌ಗೆ 1016 ಪಾರ್ಟಿಷನ್ (ಡಿಸ್ಕನ್ನು ಹಂಚುವ ಒಂದೇ ಅಳತೆಯ ತುಂಡು) ಮಿತಿ. ನಮ್ಮ ಪಾರ್ಟಿಷನ್ 64 ಎಂಬಿಯದು. 36 ಜಿಬಿಗೆ ಐನೂರು ಚಿಲ್ಲರೆ ಸಾಕಾಗುತ್ತಿತ್ತು, 146ಕ್ಕೆ ಎರಡು ಸಾವಿರ ದಾಟುತ್ತದೆ. ಸಿಎಚ್‌ವಿಜಿ ಮೈನಸ್ ಟಿ 3 ಅಂತ ಒಂದು ಸಾಲು ಹೊಡೆದಿದ್ದರೆ ಮಿತಿ 3048ಕ್ಕೆ ಏರುತ್ತಿತ್ತು. ಗ್ರೂಪಿಗೆ ಸೇರಿಸಬಹುದಾದ ಡಿಸ್ಕ್ 32 ಇದ್ದದ್ದು 10ಕ್ಕೆ ಇಳಿಯುತ್ತಿತ್ತು, ಅಷ್ಟೇ. ನನಗೆ ಅದು ಗೊತ್ತಿರಲಿಲ್ಲ ಅಂತೇನಲ್ಲ. ಹೇಗೂ ಟೇಪ್ ಇದೆ, ಇದೇ ನೆಪದಲ್ಲಿ ಅದನ್ನೂ ಪರೀಕ್ಷೆ ಮಾಡಿದ ಹಾಗಾಗುತ್ತದೆ ಅನ್ನುವ ಅತಿಬುದ್ಧಿ.

ಹಳೇ ಡಿಸ್ಕ್ ಎರಡನ್ನೂ ತೆಗೆದು ಡ್ರಾಯರ್‌ನಲ್ಲಿಟ್ಟೆ. ಟೇಪ್‌ನಿಂದ ಬೂಟ್ ಮಾಡಿ, ಹೊಸ ಡಿಸ್ಕ್‌ಗಳನ್ನು ಆರಿಸಿ, ಕಾಫಿಗೆ ಹೋದೆ. ಎರಡು ಗಂಟೆಯಲ್ಲಿ ಲಾಗಿನ್ ಬಂತು. ಯೂಸರ್‌ಗಳು, ಪ್ರಿಂಟರ್‌ಗಳು, ಕ್ರಾನ್ (ಹೊತ್ತಿಗೆ ತಾನೇ ಓಡುವ ಕೆಲಸಗಳ ಪಟ್ಟಿ), ಎಲ್ಲಾ ಇದ್ದಲ್ಲೇ ಇವೆ. ಬೇರೆ ಡಿಸ್ಕ್‌ಗಳಲ್ಲಿದ್ದ ಡೇಟಾ ವಾಲ್ಯೂಮ್ ಗ್ರೂಪೂ ಬಂದಿದೆ. ರೂಟ್‌ವಿಜಿಯ ಪಟ್ಟಿ ತೆಗೆದು ಹಳೇ ಪ್ರಿಂಟ್‌ಔಟ್ ಜೊತೆ ತಾಳೆ ನೋಡಿದೆ. ಒಂದು ವಾಲ್ಯೂಮೂ ಬಿಟ್ಟುಹೋಗಿಲ್ಲ. ಮ್ಯಾನೇಜರ್‌ಗೆ ‘ಆಯ್ತು ಸರ್’ ಅಂತ ಮೆಸೇಜ್ ಕೂಡ ಹಾಕಿಬಿಟ್ಟೆ.

ಡೇಟಾಬೇಸ್ ಏಳಲಿಲ್ಲ.

ನಡೆದಿದ್ದು ಇಷ್ಟು. ಮೂರು ವರ್ಷ ಹಿಂದೆ ಡೇಟಾ ಡಿಸ್ಕ್ ತುಂಬಿದಾಗ, ಸಾಫ್ಟ್‌ವೇರ್ ಕೊಟ್ಟವರ ಕಡೆ ಹುಡುಗ ‘ರೂಟ್‌ವಿಜಿಯಲ್ಲಿ ಜಾಗ ಸುಮ್ನೆ ಬಿದ್ದಿದೆಯಲ್ಲ ಸಾರ್’ ಅಂದು, ಅಲ್ಲೇ 4 ಜಿಬಿಯ ಒಂದು ರಾ ಲಾಜಿಕಲ್ ವಾಲ್ಯೂಮ್ (ಫೈಲ್ ಸಿಸ್ಟಂ ಇಲ್ಲದ ಬರೀ ಡಿಸ್ಕ್ ಜಾಗ) ಮಾಡಿ ಡೇಟಾಬೇಸ್‌ಗೆ ಕೊಟ್ಟಿದ್ದ. ರಿಪೋರ್ಟ್‌ನಲ್ಲಿ ಬರೆದೂ ಇದ್ದ, ಕೆಳಗೆ ಸಹಿ ನನ್ನದೇ. ಅವನನ್ನು ಬೈಯುವ ಹಾಗಿಲ್ಲ.

ಎಂಕೆಸಿಸ್‌ಬಿ ಟೇಪ್‌ಗೆ ಬರೆಯುವುದು ರೂಟ್‌ವಿಜಿಯಲ್ಲಿ ಮೌಂಟ್ ಆಗಿರುವ (ಬಳಕೆಗೆ ತೆರೆದಿರುವ) ಫೈಲ್ ಸಿಸ್ಟಂಗಳ ಫೈಲ್‌ಗಳನ್ನು ಮಾತ್ರ. ರಾ ವಾಲ್ಯೂಮ್‌ನಲ್ಲಿ ಫೈಲ್ ಎಲ್ಲಿದೆ? ಆದರೆ ಅದರ ಹೆಸರು, ಅಳತೆ ಮಾತ್ರ ಇಮೇಜ್ ಡಾಟ್ ಡೇಟಾ ಫೈಲ್‌ನಲ್ಲಿ ದಾಖಲಾಗಿರುತ್ತದೆ. ರಿಸ್ಟೋರ್ ಮಾಡುವಾಗ ಅದನ್ನು ನೋಡಿಕೊಂಡು ಅದೇ ಹೆಸರಿನ, ಅದೇ ಅಳತೆಯ ವಾಲ್ಯೂಮ್ ಹೊಸದಾಗಿ ತಯಾರಾಗುತ್ತದೆ. ಒಳಗೆ ಏನೂ ಇಲ್ಲ. ವಾಲ್ಯೂಮೇ ಬರದಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ತಾಳೆ ನೋಡಿದ ನನ್ನ ಪಟ್ಟಿ ಸರಿಯಾಗೇ ಇತ್ತು, ಟೇಪ್ ಬ್ಯಾಕಪ್‌ನ ಪ್ರತಿ ಭಾನುವಾರದ ಲಾಗ್ ಕೂಡ ಸುಳ್ಳು ಹೇಳಿರಲಿಲ್ಲ.

ಡೇಟಾಬೇಸ್‌ನ ಬೇರೆ ಬ್ಯಾಕಪ್ ಇರಲಿಲ್ವಾ ಅಂತ ಕೇಳುತ್ತೀರಿ. ಇತ್ತು, ಕೊನೆಯ ಕೆಲಸದ ದಿನಕ್ಕೆ ಹಿಂದಿನ ರಾತ್ರಿಯದು. ರಜೆಗೆ ಮುಂಚಿನ ಕೊನೆಯ ದಿನದ ಡಿಸ್ಪ್ಯಾಚ್, ಇನ್‌ವಾಯ್ಸ್ ಯಾವುದೂ ಅದರಲ್ಲಿಲ್ಲ. ಅವತ್ತಿನ ಬ್ಯಾಕಪ್ ನಾನೇ ತೆಗೆದಿರಲಿಲ್ಲ. ಟೇಪ್ ಇದೆಯಲ್ಲ!

ರಾತ್ರಿ ಹನ್ನೊಂದಕ್ಕೆ ಡ್ರಾಯರ್ ತೆಗೆದು ಹಳೇ ಡಿಸ್ಕ್‌ಗಳನ್ನು ವಾಪಸ್ ಹಾಕಿದೆ. ಕೈ ನಡುಗುತ್ತಿತ್ತು. ಆ ಹುಡುಗ ಮಾಡಿದ ವಾಲ್ಯೂಮ್‌ಗೆ ಮಿರರ್ ಇರಲಿಲ್ಲ, ಒಂದೇ ಪ್ರತಿ. ಅದು ಯಾವ ಡಿಸ್ಕ್‌ನಲ್ಲಿದೆ ಅಂತ ನೋಡಿದರೆ ಎರಡನೆಯದು, ಅಂದರೆ ಕೆಡದೇ ಇದ್ದದ್ದು. ಇದರಲ್ಲಿ ನನ್ನ ಜಾಣತನ ಚೂರೂ ಇಲ್ಲ, ಅಯ್ಯಪ್ಪನ ದಯೆ. ಡೇಟಾಬೇಸ್ ಸ್ಟಾರ್ಟ್ ಮಾಡದೆ, ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ ಕಮಾಂಡ್‌ನಿಂದ ಆ ವಾಲ್ಯೂಮನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಮಷಿನ್‌ಗೆ ಫೈಲ್ ಮಾಡಿ ಇಳಿಸಿಕೊಂಡೆ. ಮತ್ತೆ ಹೊಸ ಡಿಸ್ಕ್ ಹಾಕಿ ಅದರ ಖಾಲಿ ವಾಲ್ಯೂಮ್‌ಗೆ ತುಂಬಿದೆ. ಡೇಟಾಬೇಸ್ ತೆರೆದಾಗ ಬೆಳಗಿನ ಜಾವ ನಾಲ್ಕೂವರೆ. ಹಳೇ ಡಿಸ್ಕ್‌ಗಳನ್ನು ಅವತ್ತೇ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡೋಣ ಅಂತ ಸ್ಟೋರ್ಸ್‌ನವರು ಹೇಳಿದ್ದರು. ಸೋಮಾರಿತನದಿಂದ ಕೊಟ್ಟಿರಲಿಲ್ಲ.

ನಿಮ್ಮ ಮಷಿನ್‌ನಲ್ಲಿ ಇವತ್ತೇ ಎಲ್‌ಎಸ್‌ವಿಜಿ ಮೈನಸ್ ಎಲ್ ರೂಟ್‌ವಿಜಿ ಹೊಡೆದು ನೋಡಿ. ಕೊನೆಯ ಕಾಲಂನಲ್ಲಿ ಮೌಂಟ್ ಪಾಯಿಂಟ್ ಬದಲು ‘ಎನ್/ಎ’ ಅಂತ ಇರುವ ಸಾಲುಗಳನ್ನು ಹುಡುಕಿ. ಬೂಟ್, ಪೇಜಿಂಗ್, ಜೆಎಫ್‌ಎಸ್ ಲಾಗ್, ಡಂಪ್ ಇವು ಹಾಗೇ ಇರಬೇಕು. ಇವನ್ನು ಬಿಟ್ಟು ಬೇರೆ ಯಾವುದಾದರೂ ಇದ್ದರೆ, ಅದರೊಳಗಿರುವುದು ನಿಮ್ಮ ಟೇಪ್‌ನಲ್ಲಿಲ್ಲ. ಮೌಂಟ್ ಪಾಯಿಂಟ್ ಇದ್ದೂ ‘ಕ್ಲೋಸ್ಡ್’ ಅಂತ ತೋರಿಸುವ ಫೈಲ್ ಸಿಸ್ಟಂ ಕೂಡ ಟೇಪ್‌ಗೆ ಹೋಗಿರುವುದಿಲ್ಲ. ಹಾಗೇ ಕ್ರಾನ್‌ನಲ್ಲಿರುವ ಎಂಕೆಸಿಸ್‌ಬಿ ಸಾಲಿನಲ್ಲಿ ಮೈನಸ್ ಐ ಅಥವಾ ಮೈನಸ್ ಎಂ ಇದೆಯಾ ನೋಡಿ. ಎರಡೂ ಇಲ್ಲದಿದ್ದರೆ ಇಮೇಜ್ ಡಾಟ್ ಡೇಟಾ ಹೊಸದಾಗಿ ತಯಾರಾಗುವುದಿಲ್ಲ, ಯಾವತ್ತಿನದೋ ಹಳೇ ಅಳತೆಗಳೇ ಟೇಪ್‌ಗೆ ಹೋಗುತ್ತವೆ. ಡಿಸ್ಕ್ ಬದಲಿಸಿದ ಮೇಲೆ ಹಳೆಯದರ ಮೇಲೆ ತಾರೀಕು ಬರೆದು ಬೀಗ ಹಾಕಿಡಿ. ನಾನು ಆಮೇಲೆ ಒಂದು ತಿಂಗಳು ಅವನ್ನು ಯಾರಿಗೂ ಕೊಡಲಿಲ್ಲ. ಸ್ಟೋರ್ಸ್‌ನವರು ದಿನಾ ಬಂದು ಕೇಳುತ್ತಿದ್ದರು.