ಕಾಲೇಜು ಪತ್ರಿಕೆಗೆ ಯಾವ ಲೆನ್ಸ್? ನಾಲ್ಕನ್ನೂ ಬಳಸಿದ ಮೇಲೆ ನನ್ನ ಓಟು 24 ಎಂಎಂಗೆ

ಪತ್ರಿಕೋದ್ಯಮ ಓದುತ್ತಾ ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ಫೋಟೊ ತೆಗೆಯುವವರು ನೀವಾಗಿದ್ದು, ಕೈಯಲ್ಲಿ ಒಂದೇ ಲೆನ್ಸಿಗಾಗುವಷ್ಟು ದುಡ್ಡಿದ್ದರೆ 24 ಎಂಎಂ ಕೊಳ್ಳಿ. ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಶಿವಮೊಗ್ಗದಲ್ಲಿ ಓದುವಾಗ ನಾಲ್ಕು ಲೆನ್ಸ್ ನನ್ನ ಕೈಗೆ ಬಂದವು. 18-55 (ಕಿಟ್ ಲೆನ್ಸ್ ಅನ್ನುವುದು ಇದನ್ನೇ) ಮತ್ತು 55-250, ಈ ಎರಡು ಜೂಮ್‌ಗಳು ಕ್ಯಾಮೆರಾ ಜೊತೆಗೇ ಇದ್ದವು. 50 ಎಂಎಂ ಎಫ್/1.8 ಗೆಳೆಯನದು, ಒಂದು ಸೆಮಿಸ್ಟರ್ ಪೂರ್ತಿ ನನ್ನ ಚೀಲದಲ್ಲೇ ಇತ್ತು. ಸ್ವಂತ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ಕೊಂಡದ್ದು 24 ಎಂಎಂ ಎಫ್/2.8 ಒಂದನ್ನೇ. ಕ್ಯಾನನ್ 2014ರಲ್ಲಿ ತಂದ ಈ ಲೆನ್ಸ್ ರೊಟ್ಟಿಯಷ್ಟು ಚಪ್ಪಟೆ, ತೂಕ 125 ಗ್ರಾಂ. ಕ್ಯಾಮೆರಾಕ್ಕೆ ಹಾಕಿದ ದಿನದಿಂದ ನಾನಾಗಿ ಅದನ್ನು ತೆಗೆದದ್ದು ಕ್ರೀಡಾಕೂಟಗಳಲ್ಲಿ ಮಾತ್ರ.

ಯಾವುದು ಹೆಚ್ಚು ಶಾರ್ಪ್ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಮ್ಮ ಪತ್ರಿಕೆ ಟ್ಯಾಬ್ಲಾಯ್ಡ್ ಅಳತೆಯದು, ಒಳಪುಟಗಳು ಕಪ್ಪು-ಬಿಳುಪು. ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ನಾಲ್ಕೂ ಲೆನ್ಸ್ ಒಂದೇ. ವ್ಯತ್ಯಾಸ ಗೊತ್ತಾಗುವುದು ಅಸೈನ್‌ಮೆಂಟಿಗೆ ಹೊರಟಾಗ.

55-250 ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಹೊಸಬರು ಮೊದಲು ಆಸೆಪಡುವುದೇ ಈ ಲೆನ್ಸಿಗೆ, ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದೂ ಅದೇ. ನಮ್ಮ ಪತ್ರಿಕೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಚಿತ್ರದಲ್ಲಿ ಮುಖ ಗುರುತು ಸಿಗುವಂತಿದ್ದರೆ ಅಡಿಬರಹದಲ್ಲಿ ಹೆಸರಿರಬೇಕು, ಊರಿರಬೇಕು. "ಹಬ್ಬದ ಖರೀದಿಯಲ್ಲಿ ತೊಡಗಿರುವ ಮಹಿಳೆ" ಎಂದು ಬರೆದುಕೊಟ್ಟರೆ ಪುಟ ಕಟ್ಟುವವರು ಚಿತ್ರವನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಗೌರಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿಗೆ ಈ ಜೂಮ್ ಹಾಕಿಕೊಂಡು ಹೋಗಿ ನೋಡಿ. ರಸ್ತೆಯ ಈಚೆ ಬದಿ ನಿಂತರೆ ಸಾಕು, ಆಚೆ ಹೂವು ಅಳೆದುಕೊಡುವವರ ಬೆರಳು, ನಗು, ಹಣೆಯ ಬೆವರು ಎಲ್ಲವೂ ಸಿಗುತ್ತದೆ. ಸಿಕ್ಕ ಮೇಲೆ ಶುರುವಾಗುತ್ತದೆ ಕಷ್ಟ. ಹೆಸರು ಕೇಳಲು ಜನರನ್ನು ಸೀಳಿಕೊಂಡು ರಸ್ತೆ ದಾಟಬೇಕು. ಅಷ್ಟರಲ್ಲಿ ಚೌಕಾಸಿ ಮಾಡುತ್ತಿದ್ದ ಗಿರಾಕಿ ಹೋಗಿಯಾಗಿರುತ್ತದೆ, ಚಿತ್ರದಲ್ಲಿ ಆಕೆಯ ಮುಖವೇ ದೊಡ್ಡದಾಗಿರುತ್ತದೆ. ಹೂವಿನವರು ಸಿಕ್ಕರೂ ಅವರ ಮೊದಲ ಪ್ರಶ್ನೆ, "ಯಾವಾಗ ತೆಗೆದ್ರಿ?" ಆ ಪ್ರಶ್ನೆ ನ್ಯಾಯವಾದದ್ದು. ಗೊತ್ತಿಲ್ಲದೆ ತೆಗೆದ ಫೋಟೊ ತೋರಿಸಿ ಈಗ ಹೆಸರು ಕೊಡಿ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಕೆಲವರು ಅಳಿಸಿ ಅನ್ನುತ್ತಾರೆ, ಅಳಿಸಲೇಬೇಕು. ಕೆಲವರು ಸಂಕೋಚಕ್ಕೆ ಯಾವುದೋ ಹೆಸರು ಹೇಳಿ ಕಳಿಸುತ್ತಾರೆ. ಅದನ್ನು ನಂಬಿ ಅಚ್ಚು ಹಾಕಿದರೆ ಇನ್ನೂ ದೊಡ್ಡ ತೊಂದರೆ.

24ರಲ್ಲಿ ಈ ಕ್ರಮವೇ ತಿರುಗಿಬಿಡುತ್ತದೆ. ಮುಖ ದೊಡ್ಡದಾಗಿ ಬರಬೇಕಾದರೆ ನೀವು ಮಾರು ದೂರದೊಳಗೆ ಇರಬೇಕು. ಅಷ್ಟು ಹತ್ತಿರ ಹೋಗಿ ಮಾತಾಡದೆ ನಿಲ್ಲಲು ಆಗುವುದಿಲ್ಲ. ಮೊದಲು ನಮಸ್ಕಾರ, ಯಾವ ಕಾಲೇಜು, ಯಾವ ಪತ್ರಿಕೆ, ಯಾಕೆ ಫೋಟೊ. ಆಮೇಲೆ ಹೆಸರು, ಊರು. ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ, ಯಾವ ತಾಲ್ಲೂಕು ಎಂದೂ ಕೇಳಬೇಕು, ನಮ್ಮ ಕಡೆ ಒಂದೇ ಹೆಸರಿನ ಊರುಗಳು ಅಷ್ಟಿವೆ. ಹೊಸದರಲ್ಲಿ ಎಲ್ಲರೂ ಕ್ಯಾಮೆರಾ ನೋಡಿ ಸೆಟೆದು ಕೂರುತ್ತಾರೆ. ಅಲ್ಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯಬೇಕು. ವ್ಯಾಪಾರ ಜೋರಾದಂತೆ ನಿಮ್ಮನ್ನು ಮರೆತುಬಿಡುತ್ತಾರೆ, ಫೋಟೊ ಆಗ ಸಿಗುತ್ತದೆ. ಕಾಲೇಜಿಗೆ ಮರಳುವಾಗ ಚಿತ್ರ ಕ್ಯಾಮೆರಾದಲ್ಲಿ, ಹೆಸರು ನೋಟ್‌ಬುಕ್ಕಿನಲ್ಲಿ. ನಾನು ಫೋಟೊ ತೆಗೆಯಲು ಕಲಿತದ್ದು ಹೀಗೆ, ಅಡಿಬರಹದ ಒತ್ತಾಯಕ್ಕೆ. ತರಗತಿಯಲ್ಲಿ ಹೇಳಿಕೊಟ್ಟ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಂಡಿ) ಪಾಠ ಅಲ್ಲಿಗೆ ಬಂದಮೇಲೆ ನೆಲೆ ನಿಂತಿತು.

ಜೂಮಿಗೆ ನ್ಯಾಯ ಮಾಡಬೇಕೆಂದರೆ, ನೆಹರೂ ಕ್ರೀಡಾಂಗಣದಲ್ಲಿ ಅದಕ್ಕೆ ಎದುರಿಲ್ಲ. ಓಟಗಾರರ ಎದೆ ಮೇಲೆ ಸಂಖ್ಯೆ ಇರುತ್ತದೆ, ಸಂಘಟಕರ ಪಟ್ಟಿಯಲ್ಲಿ ಹೆಸರು ಸಿಗುತ್ತದೆ. ಸಕ್ರೆಬೈಲು ಬಿಡಾರದ ಆನೆಗಳ ವಿಷಯದಲ್ಲೂ ದೂರವೇ ಸರಿ.

50 ಎಂಎಂ ಮೇಲೆ ನನಗೆ ಪ್ರೀತಿ ಇದೆ, ಆದರೂ ಅದು ಎರಡನೇ ಸ್ಥಾನಕ್ಕೆ. "ಮೊದಲ ಲೆನ್ಸ್ 50 ಇರಲಿ" ಎಂಬ ಸಲಹೆ ಹುಟ್ಟಿದ್ದು ಫಿಲ್ಮ್ ಕಾಲದಲ್ಲಿ. ಆಗಿನ 35 ಎಂಎಂ ಫಿಲ್ಮ್ ಕ್ಯಾಮೆರಾಗಳಲ್ಲಿ ಅದರ ನೋಟ ಸಹಜವಾಗಿತ್ತು, ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸಾನ್ ತಮ್ಮ ಬಹುಪಾಲು ಕೆಲಸ ಮಾಡಿದ್ದು 50ರಲ್ಲೇ. ನಮ್ಮಂಥವರ ಕೈಲಿರುವ ಕ್ಯಾನನ್ ಕ್ಯಾಮೆರಾಗಳಲ್ಲಿ ಫಿಲ್ಮ್ ಜಾಗದಲ್ಲಿರುವ ಸೆನ್ಸರ್ ಆ ಫಿಲ್ಮಿಗಿಂತ ಚಿಕ್ಕದು, ನೋಟ ಕಿರಿದಾಗುತ್ತದೆ, ಎಂಎಂ ಸಂಖ್ಯೆಯನ್ನು 1.6ರಿಂದ ಗುಣಿಸಬೇಕು. ಅಂದರೆ 50 ಎಂಬುದು 80 ಆಗುತ್ತದೆ, 24 ಎಂಬುದು ಸುಮಾರು 38. 50 ಹಾಕಿಕೊಂಡರೆ ಹಾಸ್ಟೆಲ್ ಕೋಣೆ, ತೀರ್ಥಹಳ್ಳಿ ಬಸ್ಸಿನ ಒಳಗೆ, ಪತ್ರಿಕಾಗೋಷ್ಠಿಯ ಸಣ್ಣ ಹಾಲ್, ಎಲ್ಲಿ ಹೋದರೂ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತದೆ.

ಇನ್ನೊಂದು ಸಂಗತಿ ಅಚ್ಚಾದ ಮೇಲೆ ತಿಳಿಯುತ್ತದೆ. 50ರ ಹಿನ್ನೆಲೆ ಮಸುಕು ಮೊಬೈಲ್ ಪರದೆಯಲ್ಲಿ ಎಷ್ಟು ಚೆಂದವೋ, ಕಪ್ಪು-ಬಿಳುಪು ಪುಟದಲ್ಲಿ ಅಷ್ಟೇ ಸಪ್ಪೆ. ಮುಖದ ಹಿಂದೆ ಬರೀ ಬೂದು ಬಣ್ಣ. ಎಪಿಎಂಸಿ ಯಾರ್ಡಿನ ಅಡಿಕೆ ಮೂಟೆಗಳು ಕಾಣುವುದಿಲ್ಲ, ತುಂಗಾ ಸೇತುವೆ ಕಾಣುವುದಿಲ್ಲ. ಜನಸಾಮಾನ್ಯರ ಬದುಕನ್ನೇ ಜೀವಮಾನವಿಡೀ ಚಿತ್ರಿಸಿದ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನಮ್ಮ ಮೇಷ್ಟ್ರು ತೋರಿಸುತ್ತಿದ್ದಾಗ ನಾನು ನೋಡುತ್ತಿದ್ದದ್ದು ಮನುಷ್ಯರ ಸುತ್ತಲಿನ ಜಾಗವನ್ನು. ಸುದ್ದಿಚಿತ್ರದಲ್ಲಿ ಆ ಜಾಗ ಅರ್ಧ ಸುದ್ದಿ ಹೇಳುತ್ತದೆ.

ಬೆಳಕಿನ ಲೆಕ್ಕದಲ್ಲಿ ಮಾತ್ರ 50ಕ್ಕೆ ಪೂರ್ಣ ಅಂಕ. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಸಾಗರದ ಹತ್ತಿರದ ಹಳ್ಳಿಯೊಂದಕ್ಕೆ ಅಡಿಕೆ ಸುಲಿಯುವವರ ಕುರಿತ ನುಡಿಚಿತ್ರಕ್ಕೆ ಹೋಗಿದ್ದೆ. ಸಂಜೆಯಾದ ಮೇಲೆ ಅಲ್ಲಿರುವುದು ಚಪ್ಪರಕ್ಕೆ ಕಟ್ಟಿದ ಬಲ್ಬು ಅಷ್ಟೆ. ಕಿಟ್ ಲೆನ್ಸ್ 50ರ ಕಡೆ ತಿರುಗಿದರೆ ಎಫ್/5.6ಕ್ಕೆ ಇಳಿಯುತ್ತದೆ, ಎಫ್/1.8 ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆ ನಿಜ, ಅದು ತಡೆಯುವುದು ನಮ್ಮ ಕೈ ನಡುಕವನ್ನು. ಮೆಟ್ಟುಗತ್ತಿಯ ಮೇಲೆ ಸರಸರ ಓಡುವ ಅವರ ಕೈಯನ್ನು ಹಿಡಿದು ನಿಲ್ಲಿಸಲು ಶಟರ್ ವೇಗವೇ ಬೇಕು, ವೇಗಕ್ಕೆ ಬೆಳಕು ಬೇಕು. 24ರ ಎಫ್/2.8ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಿ ನಿಭಾಯಿಸಿದೆ. ಚಿತ್ರ ಕಾಳು ಕಾಳಾಗಿ ಬಂತು. ಆದರೆ ಸಾಲಾಗಿ ಕೂತ ಹೆಂಗಸರು, ನಡುವೆ ಅಡಿಕೆ ರಾಶಿ, ಮೇಲೆ ಬಲ್ಬು, ಎಲ್ಲ ಒಂದೇ ಚೌಕಟ್ಟಿಗೆ ಬಂತು, ಐದು ಕಾಲಂ ಅಗಲಕ್ಕೆ ಅಚ್ಚಾಯಿತು.

ಮೊಬೈಲ್? ಜೋರು ಮಳೆಯಲ್ಲಿ ಅದೇ ವಾಸಿ.

ಕಿಟ್ ಲೆನ್ಸಿನಲ್ಲೂ 24 ಇದೆಯಲ್ಲ, ಮತ್ತೇಕೆ ದುಡ್ಡು ಎಂದು ಕೇಳುವವರಿದ್ದಾರೆ. ಅಲ್ಲಿ ಸಿಗುವ ಬೆಳಕು ಇದರ ಅರ್ಧ. ಅದಕ್ಕಿಂತ ಹೆಚ್ಚಾಗಿ, ಜೂಮ್ ಉಂಗುರ ಇದ್ದರೆ ನನ್ನ ಕೈ ಅದನ್ನು ತಿರುಗಿಸುತ್ತದೆ, ಕಾಲು ನಿಂತಲ್ಲೇ ನಿಲ್ಲುತ್ತದೆ. ನಾನು ಸ್ವಭಾವತಃ ಸಂಕೋಚದವಳು. ಹಿಂದೆ ನಿಲ್ಲಲು ಅವಕಾಶ ಕೊಡದ ಲೆನ್ಸೇ ನನಗೆ ಬೇಕಿತ್ತು. ಮಾತು ಸಲೀಸಾಗಿ ಬರುವವರಿಗೆ, ನಾಟಕ, ಭಾಷಣವೇ ಹೆಚ್ಚು ಪಾಲಿಗೆ ಬರುವವರಿಗೆ 50 ಚೆನ್ನಾಗಿ ಒಗ್ಗೀತು. ಕ್ರೀಡಾ ಪುಟ ನಿಮ್ಮದಾದರೆ 55-250 ಬಿಡಬೇಡಿ. ಈ ಸೆಮಿಸ್ಟರ್ ದುಡ್ಡು ಹೊಂದದಿದ್ದರೆ ಕಿಟ್ ಲೆನ್ಸನ್ನು 24ಕ್ಕೆ ತಿರುಗಿಸಿ ಉಂಗುರಕ್ಕೆ ಟೇಪ್ ಸುತ್ತಿ ಒಂದು ಸಂಚಿಕೆ ಮುಗಿಸಿ ನೋಡಿ. ಒಗ್ಗಿದರೆ ಕೊಳ್ಳಿ.

ಮಲೆನಾಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಒಯ್ಯಲೇಬೇಕು. ಲೆನ್ಸಿನ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕೊಂಡ ಮೇಲೆ ಜೂನ್‌ನಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ ನೀಲಿ ಹರಳು ಗುಲಾಬಿಯಾದಾಗ ಒಲೆಯ ಮೇಲೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.