ಜವಳಿ ಅಂಗಡಿಯ ಪರದೆಗಳಿಗೆ ರಾಸ್ಪ್‌ಬೆರಿ ಪೈ 4: ದೀರ್ಘ ಬಳಕೆಯ ನಂತರದ ವಿಮರ್ಶೆ

ಹುಬ್ಬಳ್ಳಿಯ ನಮ್ಮ ಜವಳಿ ಅಂಗಡಿಯಲ್ಲಿ ಬಾಗಿಲ ಬಳಿ ಲಂಬವಾಗಿ ನಿಲ್ಲಿಸಿದ ಪರದೆಗಳೂ ಗಲ್ಲಾದ ಹಿಂದಿನ ಗೋಡೆಗೆ ಅಡ್ಡಲಾಗಿ ತೂಗುಹಾಕಿದ ಪರದೆಗಳೂ ಇದ್ದು, ಅವೆಲ್ಲವನ್ನೂ ಕೆಲವು ವರ್ಷಗಳಿಂದ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 4 ನಡೆಸುತ್ತಿದೆ. ಅದಕ್ಕೂ ಮೊದಲು, ಡಬ್ಬಿಯ ಮೇಲೆ 4ಕೆ ಎಂದು ದೊಡ್ಡದಾಗಿ ಮುದ್ರಿಸಿಕೊಂಡು ಬಂದಿದ್ದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ಬಳಸುತ್ತಿದ್ದೆವು. ಅವುಗಳಲ್ಲಿ ಯಾವ ವಿಡಿಯೊ ಓಡುತ್ತದೆ, ಯಾವುದು ಓಡುವುದಿಲ್ಲ ಎಂಬುದನ್ನು ಹಚ್ಚಿ ನೋಡದ ಹೊರತು ಹೇಳುವಂತಿರಲಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬರುವ ಪ್ರತಿಯೊಂದು ಫೈಲನ್ನೂ ಒಂದೇ ಅಚ್ಚಿಗೆ ಇಳಿಸಿ ಹಾಕುವಷ್ಟು ತಾಳ್ಮೆ ಇರುವವರಿಗೆ ಈ ಸಾಧನ ಬೆಲೆಗೆ ಮೀರಿದ ಕೆಲಸ ಮಾಡುತ್ತದೆ. ಪೆನ್‌ಡ್ರೈವ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಚುಚ್ಚಿ ಓಡಿಸಬೇಕು ಎನ್ನುವವರಿಗೆ ಇದು ತಕ್ಕುದಲ್ಲ. ಹಾಗೆ ನೋಡಿದರೆ, ಅಂಥವರಿಗೆ ತಕ್ಕ ಪ್ಲೇಯರ್ ಈ ಬೆಲೆಯಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

2019ರಲ್ಲಿ ಬಂದ ಈ ಮಾದರಿಯ ಚಿಪ್‌ನಲ್ಲಿ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ತೋರಿಸಲೆಂದೇ ಎರಡು ಪ್ರತ್ಯೇಕ ಯಂತ್ರಾಂಶಗಳಿವೆ. ಎಚ್.265 ಮತ್ತು ಎಚ್.264 ಎಂಬುವು ವಿಡಿಯೊ ಕುಗ್ಗಿಸುವ ಎರಡು ವಿಧಾನಗಳು. ಎಚ್.265 ಫೈಲುಗಳನ್ನು ಒಂದು ಭಾಗ 4ಕೆ ಗಾತ್ರದಲ್ಲಿ ಸೆಕೆಂಡಿಗೆ 60 ಫ್ರೇಮ್‌ವರೆಗೆ ಬಿಡಿಸಿದರೆ, ಎಚ್.264 ಫೈಲುಗಳನ್ನು ಇನ್ನೊಂದು ಭಾಗ 1080ಪಿ ಗಾತ್ರದಲ್ಲಿ 60 ಫ್ರೇಮ್‌ವರೆಗೆ ಮಾತ್ರ ಬಿಡಿಸುತ್ತದೆ. ಜಾಹೀರಾತು ಸಂಸ್ಥೆಯಿಂದ 4ಕೆ ಗಾತ್ರದ ಎಚ್.264 ಫೈಲ್ ಬಂತೆಂದರೆ ಅದು ಈ ಎರಡು ಭಾಗಗಳಲ್ಲಿ ಯಾವುದಕ್ಕೂ ಸಲ್ಲದೆ ನೇರವಾಗಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಕುಗ್ಗಿಸುವ ಬೇರೆ ವಿಧಾನಗಳಾದ ವಿಪಿ9 ಮತ್ತು ಎವಿ1 ಫೈಲುಗಳ ಗತಿಯೂ ಇದೇ. ಎಡಿಟಿಂಗ್ ಕೋಣೆಯಿಂದ ನೇರವಾಗಿ ಬರುವ, ಎಡಿಟಿಂಗ್‌ಗೆಂದೇ ಇರುವ ಭಾರಿ ಗಾತ್ರದ ಪ್ರೋರೆಸ್ ಫೈಲುಗಳನ್ನಂತೂ ಪ್ಲೇಯರ್ ಹತ್ತಿರ ಒಯ್ಯಲೇಬಾರದು. ಎಂಪಿ4 ಎಂಬುದು ಹೊರಗಿನ ಪೊಟ್ಟಣ ಮಾತ್ರ, ಒಳಗಿರುವುದು ಯಾವ ವಿಧಾನದ ವಿಡಿಯೊ ಎಂಬುದೇ ಮುಖ್ಯ ಎಂಬುದನ್ನು ನಮ್ಮ ವಿಡಿಯೊ ಮಾಡಿಕೊಡುವವರಿಗೆ ಮನವರಿಕೆ ಮಾಡಿಸಲು ನಾನು ಪಟ್ಟ ಪಾಡು, ಸಾಧನವನ್ನು ಜೋಡಿಸಲು ಪಟ್ಟ ಪಾಡಿಗಿಂತ ದೊಡ್ಡದು. ಎಚ್.264 ಫೈಲಿನೊಳಗೂ 10 ಬಿಟ್ ಬಣ್ಣವೋ (ಬಣ್ಣದ ಹಂತಗಳು ಹೆಚ್ಚು) 4:2:2 ಮಾದರಿಯೋ (ಬಣ್ಣದ ವಿವರ ಹೆಚ್ಚು) ಇದ್ದರೆ ಯಂತ್ರಾಂಶ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ನಮ್ಮಲ್ಲಿ ಈಗ ಒಂದೇ ನಿಯಮವಿದೆ: 1080ಪಿ, ಎಚ್.264, ಹೈ ಪ್ರೊಫೈಲ್ (ಎಚ್.264ರ ಒಂದು ಬಗೆ), 8 ಬಿಟ್, 4:2:0, ಸೆಕೆಂಡಿಗೆ ಸುಮಾರು 10 ಮೆಗಾಬಿಟ್. ಈ ಅಳತೆಗೆ ಇಳಿಸಿದ ಫೈಲುಗಳು ಬೆಳಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಮುಚ್ಚುವವರೆಗೆ ಒಮ್ಮೆಯೂ ತಡವರಿಸದೆ ಓಡುತ್ತವೆ.

ಓಡುವುದು ಬೇರೆ, ಚೆನ್ನಾಗಿ ಕಾಣುವುದು ಬೇರೆ. ನಮ್ಮ ದೇಶದಲ್ಲಿ ಟಿವಿ ಮತ್ತು ಜಾಹೀರಾತಿನ ವಿಡಿಯೊಗಳು ಹೆಚ್ಚಾಗಿ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತಯಾರಾಗುತ್ತವೆ, ಆದರೆ ಪ್ಲೇಯರ್‌ಗಳು ಸಾಮಾನ್ಯವಾಗಿ ಪರದೆಗೆ ಕಳುಹಿಸುವುದು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ. 60ನ್ನು 25ರಿಂದ ಭಾಗಿಸಿದರೆ 2.4 ಬರುತ್ತದೆ, ಅರ್ಧಂಬರ್ಧ ಫ್ರೇಮ್ ತೋರಿಸಲು ಬರುವುದಿಲ್ಲವಾದ್ದರಿಂದ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಮೂಡುತ್ತವೆ. ಮಾತನಾಡುವ ಮುಖದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೀರೆಯ ಸೆರಗಿನ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುವ ದೃಶ್ಯದಲ್ಲಿಯೂ ಕೆಳಗೆ ಓಡುವ ಅಕ್ಷರಗಳ ಪಟ್ಟಿಯಲ್ಲಿಯೂ ಆ ಕುಲುಕಾಟ ಕಣ್ಣಿಗೆ ಹೊಡೆಯುತ್ತದೆ, ಮತ್ತು ಬಹಳಷ್ಟು ಜನ ಅದನ್ನು ಪ್ಲೇಯರ್‌ನ ಶಕ್ತಿ ಸಾಲದೆ ಆದದ್ದೆಂದು ತಿಳಿದು ದುಬಾರಿ ಪೆಟ್ಟಿಗೆ ಕೊಳ್ಳಲು ಹೊರಡುತ್ತಾರೆ. ಪೈನಲ್ಲಿ ಔಟ್‌ಪುಟ್ಟನ್ನು 50 ಹರ್ಟ್ಸ್‌ಗೆ ಕಟ್ಟಿಹಾಕಬಹುದು. ಆಗ ಪ್ರತಿ ಫ್ರೇಮ್ ಸರಿಯಾಗಿ ಎರಡು ಸಲ ಮೂಡಿ ಚಲನೆ ನಯವಾಗುತ್ತದೆ. ನಮ್ಮ ಹಳೆಯ ಪೆಟ್ಟಿಗೆಗಳಲ್ಲಿ ಈ ಆಯ್ಕೆಯೇ ಇರಲಿಲ್ಲ. ನನ್ನ ಮಟ್ಟಿಗೆ ಈ ಸಾಧನದ ಅತಿ ದೊಡ್ಡ ಗುಣ ಇದೇ.

ಅಂಗಡಿಯ ಹುಡುಗರು ಮೊಬೈಲ್‌ನಲ್ಲಿ ತೆಗೆಯುವ ವಿಡಿಯೊಗಳದ್ದು ಬೇರೆಯೇ ಕಥೆ. ಮೊಬೈಲ್ ಕ್ಯಾಮೆರಾಗಳು ಬೆಳಕು ಕಡಿಮೆಯಾದಾಗ ಫ್ರೇಮ್‌ಗಳ ಅಂತರವನ್ನು ತಾವೇ ಹಿಗ್ಗಿಸಿಕೊಳ್ಳುವುದರಿಂದ ವೇಗ ಒಂದೇ ಸಮ ಇರುವುದಿಲ್ಲ, ಮತ್ತು ಅಂಥ ಫೈಲನ್ನು ಅಜಾಗರೂಕತೆಯಿಂದ ಪರಿವರ್ತಿಸಿದರೆ ಕೊನೆಕೊನೆಗೆ ತುಟಿಯೂ ಮಾತೂ ಬೇರೆಯಾಗುತ್ತವೆ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ವೇಗದ ಆಯ್ಕೆ ಒತ್ತಿದರೆ ಆ ತೊಂದರೆ ತಪ್ಪುತ್ತದೆ. ಇದಕ್ಕೂ ಒಳ್ಳೆಯದು, ಸಾಧ್ಯವಿರುವ ಫೋನಿನಲ್ಲಿ 25 ಫ್ರೇಮ್‌ನಲ್ಲಿಯೇ ಚಿತ್ರೀಕರಿಸುವುದು. ನಮ್ಮ ವಿದ್ಯುತ್ ಜಾಲ 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟ್ ಬೆಳಕಿನ ಮಿನುಗುವಿಕೆಯೂ ಆಗ ತಗ್ಗುತ್ತದೆ.

ಸೀರೆ ಮಾರುವವರಿಗೆ ಬಣ್ಣ ಕೆಟ್ಟರೆ ವಿಡಿಯೊ ಹಾಕಿಯೂ ವ್ಯರ್ಥ. ಈಚಿನ ಐಫೋನ್‌ಗಳು ಎಚ್‌ಡಿಆರ್ (ಹೊಳಪು, ಬಣ್ಣಗಳ ವ್ಯಾಪ್ತಿ ಹೆಚ್ಚಿರುವ) ವಿಡಿಯೊವನ್ನು 10 ಬಿಟ್ ಎಚ್.265ರಲ್ಲಿ ದಾಖಲಿಸುತ್ತವೆ. ಪೈ 4 ಇದನ್ನು ಸಲೀಸಾಗಿ ಬಿಡಿಸುತ್ತದೆ, ಹಾಗಾಗಿ ಎಲ್ಲವೂ ಸರಿಯಿದೆ ಎಂದೇ ಅನ್ನಿಸುತ್ತದೆ; ಆದರೆ ಆ ವಿಸ್ತಾರವಾದ ಬಣ್ಣದ ಶ್ರೇಣಿಯನ್ನು ಸಾಮಾನ್ಯ ಪರದೆಯ ಬಿಟಿ.709 ಶ್ರೇಣಿಗೆ ಹೊಂದಿಸದೆ ಹಾಗೇ ತೋರಿಸಿದರೆ ಇಳಕಲ್ ಸೀರೆಯ ದಾಳಿಂಬೆ ಕೆಂಪು ನೀರು ಬೆರೆಸಿದ ಹಾಗೆ ಪೇಲವವಾಗುತ್ತದೆ. ಪರಿವರ್ತನೆಯ ಹಂತದಲ್ಲಿಯೇ ಟೋನ್ ಮ್ಯಾಪಿಂಗ್ ಮಾಡಿ, ಅಂದರೆ ಆ ಹೊಳಪು ಬಣ್ಣಗಳನ್ನು ಸಾಮಾನ್ಯ ಪರದೆಯ ವ್ಯಾಪ್ತಿಗೆ ಕುಗ್ಗಿಸಿ, ಎಸ್‌ಡಿಆರ್‌ಗೆ ಇಳಿಸುವುದು ಇದಕ್ಕೆ ಪರಿಹಾರ. ಎರಡನೆಯ ಸಂಗತಿ ಕಪ್ಪಿನದು. ಹೊಳಪನ್ನು ಅಂಕಿಯಲ್ಲಿ ಬರೆಯುವಾಗ ಟಿವಿ ಜಗತ್ತಿನಲ್ಲಿ ಕಪ್ಪೆಂದರೆ 16, ಬಿಳುಪೆಂದರೆ 235. ಕಂಪ್ಯೂಟರ್ ಜಗತ್ತಿನಲ್ಲಿ 0 ಮತ್ತು 255. ಪ್ಲೇಯರ್ ಒಂದು ಲೆಕ್ಕದಲ್ಲಿ ಕಳುಹಿಸಿ ಪರದೆ ಇನ್ನೊಂದು ಲೆಕ್ಕದಲ್ಲಿ ಓದಿಕೊಂಡರೆ, ಕಪ್ಪು ಬೂದಿಯಾಗುತ್ತದೆ, ಇಲ್ಲವೇ ಕಡು ನೀಲಿ ರೇಷ್ಮೆಯ ನೇಯ್ಗೆಯೆಲ್ಲ ಒಂದೇ ಕತ್ತಲೆಯಾಗಿ ಮುಚ್ಚಿಹೋಗುತ್ತದೆ. ಇದನ್ನು ಪರದೆಯ ಮೆನುವಿನಲ್ಲಿಯೂ ಪ್ಲೇಯರ್‌ನಲ್ಲಿಯೂ ಒಂದಕ್ಕೊಂದು ತಾಳೆ ನೋಡಿಯೇ ಹೊಂದಿಸಬೇಕು, ಬೇರೆ ದಾರಿಯಿಲ್ಲ.

ಧ್ವನಿಯ ವಿಷಯದಲ್ಲಿ ನನಗೆ ಕಲಿಸಿದ್ದು ಹಬ್ಬದ ಜಾಹೀರಾತುಗಳು. ಒಂದು ಜಾಹೀರಾತಿನಲ್ಲಿ ಹಿನ್ನೆಲೆ ಸಂಗೀತ ಗಟ್ಟಿಯಾಗಿ ಕೇಳುತ್ತಿತ್ತು, ಮಾತು ಮಾತ್ರ ಎಲ್ಲೋ ದೂರದಿಂದ ಬಂದಂತಿತ್ತು. ಫೈಲ್ 5.1 (ಆರು ಚಾನೆಲ್) ಧ್ವನಿಯದಾಗಿದ್ದು, ಮಾತೆಲ್ಲ ಮಧ್ಯದ ಚಾನೆಲ್‌ನಲ್ಲಿತ್ತು; ಹಳೆಯ ಪೆಟ್ಟಿಗೆ ಎಡ ಮತ್ತು ಬಲದ ಚಾನೆಲ್‌ಗಳನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಡಾಲ್ಬಿ ಡಿಜಿಟಲ್ ಧ್ವನಿಯನ್ನು ಬಿಡಿಸದೆ ಹಾಗೇ ಮುಂದೆ ದಾಟಿಸಿದರೆ, ಅದನ್ನು ಅರಿಯದ ಪರದೆಯಲ್ಲಿ ಪೂರ್ತಿ ಮೌನ. ಪೈ ಮೇಲೆ ವಿಎಲ್‌ಸಿ ಅಥವಾ ಎಂಪಿವಿ ಎಂಬ ಪ್ಲೇಯರ್ ತಂತ್ರಾಂಶ ಓಡಿಸಿದರೆ ಅವು 5.1 ಧ್ವನಿಯನ್ನು ಸರಿಯಾಗಿ ಬೆರೆಸಿ ಎರಡು ಚಾನೆಲ್‌ಗೆ ಇಳಿಸುತ್ತವೆ. ಹಾಗಿದ್ದರೂ 48 ಕಿಲೋಹರ್ಟ್ಸ್ ಸ್ಟೀರಿಯೊ ಎಎಸಿ (ಧ್ವನಿ ಕುಗ್ಗಿಸುವ ಒಂದು ವಿಧಾನ) ಅಲ್ಲದ ಯಾವುದನ್ನೂ ನಾನು ಪ್ಲೇಯರ್‌ಗೆ ಕೊಡುವುದಿಲ್ಲ. ಒಂದು ಜಾಹೀರಾತು ಪಿಸುಗುಟ್ಟಿ ಮುಂದಿನದು ಅರಚುವ ಕಿರಿಕಿರಿಗೆ, ಯುರೋಪಿನ ಪ್ರಸಾರ ಒಕ್ಕೂಟದ ಆರ್128 ಶಿಫಾರಸಿನಂತೆ ಎಲ್ಲ ಫೈಲುಗಳನ್ನೂ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಒಂದೇ ಗಟ್ಟಿತನಕ್ಕೆ ತರುವುದು ಸುಲಭದ ಮದ್ದು.

ಚಾವಣಿಯ ಸ್ಪೀಕರ್‌ಗಳಿಗೆ ಹೋಗುವ ಆಂಪ್ಲಿಫೈಯರ್ ಅನ್ನು ಪೈ 4ರ 3.5 ಮಿಲಿಮೀಟರ್ ಜ್ಯಾಕ್‌ಗೆ ಜೋಡಿಸಿದ್ದೇವೆ. ಅಲ್ಲಿ ಗುಣಮಟ್ಟ ಅಂಗಡಿಗೆ ಸಾಕು, ಸಂಗೀತ ಕಛೇರಿಗಲ್ಲ. ಧ್ವನಿ ನೇರವಾಗಿ ಆಂಪ್ಲಿಫೈಯರ್‌ಗೆ ಹೋದರೆ ಚಿತ್ರ ಟಿವಿಯೊಳಗಿನ ಸಂಸ್ಕರಣೆ ಮುಗಿಸಿಕೊಂಡು ತಡವಾಗಿ ಬರುತ್ತದೆ, ಹೀಗಾಗಿ ಮಾತು ತುಟಿಗಿಂತ ಮುಂದೋಡುತ್ತದೆ. ಎಂಪಿವಿಯಲ್ಲಿ ಧ್ವನಿಯನ್ನು ಕೆಲವು ಮಿಲಿಸೆಕೆಂಡ್ ತಡೆಹಿಡಿದು ಇದನ್ನು ಸರಿಪಡಿಸಬಹುದು.

ಲಂಬ ಪರದೆಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ: ಓಡುವಾಗ ತಿರುಗಿಸುವ ಬದಲು, ಪರದೆಯ ದಿಕ್ಕಿಗೆ ತಕ್ಕಂತೆ ಮೊದಲೇ ತಿರುಗಿಸಿ ಎನ್‌ಕೋಡ್ ಮಾಡಿದ ಫೈಲ್ ಹಾಕುವುದು ನೆಮ್ಮದಿ. ಕನ್ನಡದ ಓಡುವ ಪಟ್ಟಿಗಳನ್ನೂ ನಾನು ವಿಡಿಯೊದೊಳಗೇ ಸೇರಿಸಿಬಿಡುತ್ತೇನೆ. ಹಳೆಯ ಪೆಟ್ಟಿಗೆಯ ಟಿಕರ್ ಒತ್ತಕ್ಷರಗಳನ್ನು ಕೆಳಗೆ ಇಳಿಸದೆ ಪಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ದಸರೆಯ ರಿಯಾಯಿತಿಯನ್ನು ಹಾಗೆ ಓದಿಕೊಂಡ ಗಿರಾಕಿಗಳ ಮುಖ ನೋಡಬೇಕಿತ್ತು.

ಬೆಳಗ್ಗೆ ವಿದ್ಯುತ್ ಕೊಟ್ಟಾಗ ಟಿವಿಗಿಂತ ಮೊದಲು ಪ್ಲೇಯರ್ ಎದ್ದರೆ, ಎದುರಿಗೆ ಪರದೆಯೇ ಇಲ್ಲವೆಂದು ತಿಳಿದು ಅದು ಚಿತ್ರವನ್ನೂ ಧ್ವನಿಯನ್ನೂ ಕಳುಹಿಸದಿರಬಹುದು. ಪರದೆಯಿದೆ ಎಂದೇ ಭಾವಿಸುವಂತೆ ಪೈಗೆ ಹೇಳಿಡಬಹುದು. ಆದರೆ ಅಂತರಜಾಲದಲ್ಲಿ ಸಿಗುವ ಹಳೆಯ ಸೂಚನೆಗಳನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಪೈನ ಆಪರೇಟಿಂಗ್ ಸಿಸ್ಟಮ್‌ನ 2021ರ ಬುಲ್ಸ್‌ಐ ಆವೃತ್ತಿಯಲ್ಲಿ ಗ್ರಾಫಿಕ್ಸ್ ಡ್ರೈವರ್ ಬದಲಾದ ಮೇಲೆ ಕಾನ್ಫಿಗ್ ಫೈಲಿನ ಹಳೆಯ ಎಚ್‌ಡಿಎಂಐ ಸಾಲುಗಳು ಕೆಲಸ ಮಾಡುವುದಿಲ್ಲ, ಅವನ್ನು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಆಜ್ಞಾ ಸಾಲಿನಲ್ಲಿ ಹೊಸ ರೀತಿಯಲ್ಲಿ ಬರೆಯಬೇಕು; ಆಗಿನವರೆಲ್ಲ ಹೊಗಳುತ್ತಿದ್ದ ಒಎಂಎಕ್ಸ್‌ಪ್ಲೇಯರ್ ಕೂಡ ಆ ಹೊತ್ತಿಗೆ ಮೂಲೆ ಸೇರಿತು. 5 ವೋಲ್ಟ್, 3 ಆಂಪಿಯರ್‌ನ ಒಳ್ಳೆಯ ಅಡಾಪ್ಟರ್ ಕೊಡಿ. ಕರೆಂಟ್ ಹೋಗಿಬರುವ ಊರಾದರೆ ಓವರ್‌ಲೇ ಫೈಲ್ ವ್ಯವಸ್ಥೆಯನ್ನು ಚಾಲೂ ಮಾಡಿ ಮೆಮೊರಿ ಕಾರ್ಡಿಗೆ ಬರೆಯುವುದನ್ನೇ ನಿಲ್ಲಿಸಿಬಿಡಿ.

2023ರಲ್ಲಿ ಬಂದ ಪೈ 5ಕ್ಕೆ ಏಕೆ ಹೋಗಲಿಲ್ಲ ಎಂದು ಕೇಳುವವರಿದ್ದಾರೆ. ಅದರ ಪ್ರೊಸೆಸರ್ ಬಹಳ ಬಲವಾದದ್ದು ನಿಜ, ಆದರೆ ಅದರಲ್ಲಿ ಎಚ್.264 ಬಿಡಿಸುವ ಯಂತ್ರಾಂಶವನ್ನು ಕೈಬಿಟ್ಟು ಎಚ್.265ರದ್ದನ್ನು ಮಾತ್ರ ಉಳಿಸಿಕೊಂಡಿದ್ದಾರೆ, 3.5 ಮಿಲಿಮೀಟರ್ ಜ್ಯಾಕ್ ಕೂಡ ಇಲ್ಲ. 1080ಪಿ ಎಚ್.264 ಫೈಲನ್ನು ಪ್ರೊಸೆಸರ್ ಬಲದಿಂದಲೇ ಓಡಿಸುವ ಶಕ್ತಿ ಅದಕ್ಕಿದೆಯಾದರೂ, ಗಾಳಿಯಾಡದ ಟಿವಿ ಬೆನ್ನಿನ ಸಂದಿಯಲ್ಲಿ ದಿನವಿಡೀ ಹಾಗೆ ದುಡಿಸುವುದಕ್ಕಿಂತ, ನಮ್ಮಲ್ಲಿ ಆಗಲೇ ಜಮೆಯಾಗಿರುವ ಫೈಲುಗಳ ರಾಶಿಗೂ ಚಾವಣಿಯ ಸ್ಪೀಕರ್‌ಗಳಿಗೂ ಪೈ 4 ಹೊಂದುತ್ತದೆ. ಹೊಸದಾಗಿ 4ಕೆ ಪರದೆ ಹಾಕಿ, ಎಲ್ಲ ವಿಡಿಯೊಗಳನ್ನೂ ಎಚ್.265ರಲ್ಲಿಯೇ ತಯಾರಿಸುವವರು ಪೈ 5 ತೆಗೆದುಕೊಳ್ಳಲಿ. ಮೊದಲ ಮಹಡಿಯ ಹೊಸ ಪರದೆಗಳಿಗೆಂದು ನಾವು ಮತ್ತೆ ಪೈ 4ನ್ನೇ ತರಿಸಿದ್ದೇವೆ.