ಟರ್ಮಿನಲ್‌ನಿಂದ ಸ್ಕ್ರೀನ್‌ಶಾಟ್: ಸ್ಕ್ರಾಟ್, ಇಂಪೋರ್ಟ್ ಬಿಟ್ಟು ಮೇಮ್ ಹಿಡಿದ ಕಥೆ

ಸ್ಕ್ರಾಟ್, ಇಂಪೋರ್ಟ್, ಮೇಮ್ ಮೂರೂ ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದಲೇ ಪರದೆಯ ಚಿತ್ರ ತೆಗೆಯುವ ಕಮಾಂಡ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೇಮ್‌ಗೆ. ವರ್ಷಗಟ್ಟಲೆ ಸ್ಕ್ರಾಟ್ ಬಳಸಿದವನು ನಾನು. ಅದರ ಮೇಲೆ ಸಿಟ್ಟೇನೂ ಇಲ್ಲ. ಆದರೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ ಮೇಲೆ ಲೆಕ್ಕ ಬದಲಾಯಿತು.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡೋದು ಹೇಗೆ ಅಂತ ಹೊಸಬರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೆ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಪ್ರೋಗ್ರಾಮ್ ಹಾಕೋದು, ಅದರಲ್ಲಿ ಕೆಜಿಪಿ ಅನ್ನೋ ಕನ್ನಡ ಕೀಲಿಮಣೆ ಆರಿಸೋದು, ಇಷ್ಟೇ. ಇಂಥದ್ದಕ್ಕೆ ಮಾತಿಗಿಂತ ಚಿತ್ರ ಜಾಸ್ತಿ ಬೇಕು. ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು 22.04 ಹಾಕಿಕೊಂಡು, ಒಂದು ಸಂಜೆ ಕೂತು ಸ್ಕ್ರಾಟ್‌ನಲ್ಲಿ ಮೂವತ್ತು ಚಿತ್ರ ತೆಗೆದೆ. ಅದು ತಾನೇ ದಿನಾಂಕ, ಅಳತೆ ಸೇರಿಸಿ ಫೈಲಿಗೆ ಹೆಸರಿಡುತ್ತೆ. ಹಾಗಾಗಿ ಒಂದನ್ನೂ ತೆರೆದು ನೋಡಲಿಲ್ಲ. ಊಟ ಮುಗಿಸಿ ಬಂದು ತೆರೆದರೆ ಮೂವತ್ತೂ ಕಪ್ಪು. ಬರೀ ಕಪ್ಪು. ಒಂದೊಂದು ಫೈಲೂ ಕೆಲವೇ ಕೆಬಿ. ಅದನ್ನಾದರೂ ಗಮನಿಸಬೇಕಿತ್ತು, ಅಲ್ವಾ?

ಲ್ಯಾಪ್‌ಟಾಪ್ ಮಾರಿದವನನ್ನು ಮನಸ್ಸಲ್ಲೇ ಬೈದೆ. ಗ್ರಾಫಿಕ್ಸ್ ಕೆಟ್ಟಿದೆ ಅಂದುಕೊಂಡೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಸ್ಕ್ರಾಟ್ ಕೆಲಸ ಮಾಡೋದು ಎಕ್ಸ್ ಮೇಲೆ, ಅಂದರೆ ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯ ಮೇಲೆ. ಉಬುಂಟು 22.04 ಸಾಮಾನ್ಯವಾಗಿ ಶುರುವಾಗೋದೇ ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ. ಅಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಕಿಟಕಿಯೊಳಗೆ ಇಣುಕುವ ಹಾಗಿಲ್ಲ. ಸುರಕ್ಷತೆಗೆ ಒಳ್ಳೆಯದೇ. ಆದರೆ ಸ್ಕ್ರಾಟ್ ಎರರ್ ಕೊಡೋದಿಲ್ಲ, ಗೊಣಗೋದೂ ಇಲ್ಲ. ಕಪ್ಪು ಹಾಳೆಯನ್ನೇ ನೀಟಾಗಿ ಉಳಿಸಿಟ್ಟು ಸುಮ್ನಾಗುತ್ತೆ. ನನಗೆ ಉರಿದದ್ದು ಅದೇ. ಆಗಲ್ಲ ಅಂತ ಒಂದು ಸಾಲು ಹೇಳಿದ್ದರೆ ಸಂಜೆ ಉಳಿಯುತ್ತಿತ್ತು. ಲಾಗಿನ್ ಆಗುವಾಗ ಕೆಳಗಿನ ಮೂಲೆಯ ಚಕ್ರ ಒತ್ತಿ ‘ಉಬುಂಟು ಆನ್ ಕ್ಸಾರ್ಗ್’, ಅಂದರೆ ಅದೇ ಎಕ್ಸ್, ಆರಿಸಿದರೆ ಸರಿಹೋಗುತ್ತೆ. ಆದರೆ 25.10ರಲ್ಲಿ ಆ ಬಾಗಿಲನ್ನೂ ಮುಚ್ಚಿದ್ದಾರೆ.

ವೇಲ್ಯಾಂಡ್ ವಿಷಯದಲ್ಲಿ ಮೇಮ್ ಕೂಡ ಅದೇ ಜಾತಿ, ಅದನ್ನು ಮುಚ್ಚಿಡೋದಿಲ್ಲ. ಉಬುಂಟುವಿನಲ್ಲೇ ಇರುವವರು ಗ್ನೋಮ್‌ಸ್ಕ್ರೀನ್‌ಶಾಟ್ ಹಾಕಿಕೊಳ್ಳಿ, ಬೇರೆ ತಲೆನೋವು ಬೇಡ. ವೇಲ್ಯಾಂಡ್ ಮೇಲೆ ಓಡುವ ಸ್ವೇ ಅನ್ನೋ ಡೆಸ್ಕ್‌ಟಾಪ್ ಬಳಸುವವರಿಗೆ ಗ್ರಿಮ್ ಇದೆ. ನನ್ನದು 4 ಜಿಬಿ ರ‍್ಯಾಮ್‌ನ ಯಂತ್ರ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್ ಜೊತೆ ಬ್ರೌಸರ್ ತೆರೆದರೆ ಏದುಸಿರು ಬಿಡುತ್ತಿತ್ತು. ರ‍್ಯಾಮ್‌ಗೆ ಮತ್ತೆ ದುಡ್ಡು ಹಾಕುವ ಮನಸ್ಸಿರಲಿಲ್ಲ. ಹಗುರವಾದ ಇನ್ನೊಂದು ಲಿನಕ್ಸ್, ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದೆ. ಅದು ಓಡೋದು ಎಕ್ಸ್ ಮೇಲೆ. ಹೀಗೆ ಎಕ್ಸ್‌ಗೇ ವಾಪಸ್.

ಇಲ್ಲಿ ಗೆದ್ದದ್ದು ಮೇಮ್. ಮೆನು ತೆರೆದಿರುವಾಗ ಎಕ್ಸ್‌ನಲ್ಲಿ ಕೀಬೋರ್ಡೂ ಮೌಸೂ ಆ ಮೆನುವಿನ ಹಿಡಿತದಲ್ಲಿರುತ್ತವೆ. ಪ್ರಿಂಟ್‌ಸ್ಕ್ರೀನ್ ಒತ್ತಿದರೆ ಕೇಳೋರಿಲ್ಲ. ನನಗೆ ಬೇಕಾದದ್ದೇ ಭಾಷೆಯ ಮೆನು ಇಳಿಬಿದ್ದಿರುವ ಚಿತ್ರ. ಮೇಮ್ ಜೊತೆಗೆ ಸ್ಲಾಪ್ ಅಂತ ಒಂದು ಚಿಕ್ಕ ಪ್ರೋಗ್ರಾಮ್ ಹಾಕಿಕೊಂಡೆ. ಮೌಸ್‌ನಲ್ಲಿ ಚೌಕ ಎಳೆದರೆ ಅದರ ಅಳತೆ ಹೇಳುತ್ತೆ. ಆ ಅಳತೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಮೇಮ್‌ಗೆ ‘ಮೈನಸ್ ಜಿ’ ಹಾಕಿ ಕೊಡುತ್ತೇನೆ. ಜೊತೆಗೆ ‘ಮೈನಸ್ ಡಿ 5’. ಎಂಟರ್ ಒತ್ತಿ, ಐದು ಸೆಕೆಂಡಿನೊಳಗೆ ಮೆನು ತೆರೆದು ಕೈ ಕಟ್ಟಿ ಕೂರೋದು. ಮುಂದಿನ ಚಿತ್ರಕ್ಕೆ ಮೇಲಿನ ಬಾಣದ ಕೀ ಒತ್ತಿ, ಫೈಲ್ ಹೆಸರು ಬದಲಿಸಿ, ಮತ್ತೆ ಎಂಟರ್. ಎಲ್ಲ ಚಿತ್ರವೂ ಒಂದೇ ಅಳತೆ. ಪುಟದಲ್ಲಿ ಕೂರಿಸುವಾಗ ಕತ್ತರಿಸುವ ಕೆಲಸವೇ ಇಲ್ಲ.

ಸ್ಕ್ರಾಟ್‌ಗೂ ಹೀಗೆ ಕೆಲವು ಸೆಕೆಂಡ್ ತಡೆದು ಚಿತ್ರ ತೆಗೆಯೋದು ಬರುತ್ತೆ. ‘ಮೈನಸ್ ಎ’ ಹಾಕಿ ಜಾಗವನ್ನೂ ಹೇಳಬಹುದು. ಕಾಮಾ ಹಾಕಿದ ನಾಲ್ಕು ಅಂಕಿ ಬೇಕು, ನಾನಂತೂ ಪ್ರತಿ ಸಲ ಅಗಲ, ಎತ್ತರ ಅದಲು ಬದಲು ಮಾಡುತ್ತೇನೆ. ಇನ್ನು ಮೇಮ್‌ಗೆ ಫೈಲ್ ಹೆಸರು ಕೊಡದಿದ್ದರೆ ಚಿತ್ರವನ್ನು ನೇರ ಪೈಪಿಗೆ, ಅಂದರೆ ಮುಂದಿನ ಕಮಾಂಡ್‌ಗೆ, ಬಿಡುತ್ತೆ. ಕ್ಲಿಪ್‌ಬೋರ್ಡಿಗೆ ತುಂಬುವ ಎಕ್ಸ್‌ಕ್ಲಿಪ್‌ಗೆ ಹರಿಸಿ ಮೇಲ್‌ನಲ್ಲಿ ಪೇಸ್ಟ್ ಮಾಡೋಕೆ ಇದಕ್ಕಿಂತ ಸುಲಭ ಇಲ್ಲ.

ಇಮೇಜ್‌ಮ್ಯಾಜಿಕ್ ಅನ್ನೋ ಚಿತ್ರ ತಿದ್ದುವ ಪ್ರೋಗ್ರಾಮಿನ ಜೊತೆ ಬರುವ ಇಂಪೋರ್ಟ್ ಬಗ್ಗೆ ಒಂದೇ ಮಾತು. ಒಮ್ಮೆ ಪೈಥಾನ್ ಸ್ಕ್ರಿಪ್ಟ್ ಓಡಿಸುವಾಗ ಮುಂದೆ ಪೈಥಾನ್ ಅಂತ ಬರೆಯೋದು ಮರೆತೆ. ಮೊದಲ ಸಾಲೇ ‘ಇಂಪೋರ್ಟ್ ಓಎಸ್’. ಟರ್ಮಿನಲ್ ಅದನ್ನು ಈ ಇಂಪೋರ್ಟ್ ಕಮಾಂಡ್ ಅಂದುಕೊಂಡು ಓಡಿಸಿತು. ಮೌಸ್ ಪ್ಲಸ್ ಗುರುತಾಗಿ ನಿಂತುಬಿಟ್ಟಿತು. ಟರ್ಮಿನಲ್ ಮಿಸುಕಲಿಲ್ಲ. ಸಿಸ್ಟಮ್ ಹ್ಯಾಂಗ್ ಆಯಿತು ಅಂದುಕೊಂಡು ಪವರ್ ಬಟನ್ ಒತ್ತಿದ ಜಾಣ ನಾನು. ಅದು ಪಾಪ, ಯಾವ ಕಿಟಕಿಯ ಚಿತ್ರ ಬೇಕು ಅಂತ ಕಾಯುತ್ತಿತ್ತು. ಅವತ್ತಿನಿಂದ ಅದರ ತಂಟೆಗೆ ಹೋಗಿಲ್ಲ.

ಮೇಮ್‌ನಲ್ಲಿ ನನಗೆ ಇನ್ನೂ ಒಗ್ಗದ್ದು ಒಂದಿದೆ. ಸ್ಕ್ರಾಟ್ ಮೌಸ್ ಬಾಣವನ್ನು ಕೇಳಿದರೆ ಮಾತ್ರ ತೋರಿಸುತ್ತೆ. ಮೇಮ್ ‘ಮೈನಸ್ ಯು’ ಹಾಕದಿದ್ದರೆ ತೋರಿಸಿಯೇ ತೀರುತ್ತೆ. ಕೈಪಿಡಿಯ ಹದಿನಾಲ್ಕನೇ ಚಿತ್ರದಲ್ಲಿ ಬಾಣ ಸರಿಯಾಗಿ ‘ಕನ್ನಡ’ ಅನ್ನೋ ಪದದ ಮೇಲೇ ಕೂತಿದೆ. ಬೇಕಂತಲೇ ಇಟ್ಟಿದ್ದೀನಿ ಅಂತ ಓದಿದವರು ಅಂದುಕೊಂಡರು. ನಾನೂ ತಿದ್ದೋಕೆ ಹೋಗಲಿಲ್ಲ.